ನೂರು ಮೈಲಿಯ ಹಾದಿಗೆ ಲಾಳವೋ, ಬರಿಗೊರಸೋ?

ಸಿಯೆರಾ_ಸವಾರ:

ಎಲ್ಲರಿಗೂ ನಮಸ್ಕಾರ. ನಾನು ಕ್ಯಾಲಿಫೋರ್ನಿಯಾದ ಆಬರ್ನ್ ಪಟ್ಟಣದ ಹತ್ತಿರ ನೆಲೆಸಿ 11 ವರ್ಷಗಳಾದವು. ಹುಟ್ಟೂರು ತಿಪಟೂರು ಸೀಮೆಯ ಒಂದು ಹಳ್ಳಿ. ಅಲ್ಲಿದ್ದಷ್ಟು ಕಾಲ ಕುದುರೆಯನ್ನು ಹತ್ತಿರದಿಂದ ಕಂಡದ್ದು ಮದುವೆಯ ಮೆರವಣಿಗೆಗಳಲ್ಲಿ ಮಾತ್ರ. ಇಲ್ಲಿಗೆ ಬಂದ ಮೇಲೆ, ಮನೆಯ ಹಿಂದಿನ ಗುಡ್ಡದ ಕಾಲುದಾರಿಯಲ್ಲಿ ನಿತ್ಯ ಹಾದುಹೋಗುವ ಸವಾರರನ್ನು ನೋಡಿ ನೋಡಿ ಆಸೆ ಹುಟ್ಟಿ, ಕೊನೆಗೆ ಅರಬ್ಬಿ ತಳಿಯ ಒಂದು ಹೆಣ್ಣುಕುದುರೆಯನ್ನು ತಂದುಕೊಂಡೆ. ಅದಕ್ಕೆ ಈಗ 9 ವರ್ಷ. 25 ಮೈಲಿಯ ಸವಾರಿಯನ್ನು ನಾಲ್ಕು ಬಾರಿ, 50 ಮೈಲಿಯದನ್ನು ಒಂದು ಬಾರಿ ಒಟ್ಟಿಗೆ ಮುಗಿಸಿದ್ದೇವೆ.

ಮುಂದಿನ ಬೇಸಿಗೆಯಲ್ಲಿ ಟೆವಿಸ್ ಕಪ್‌ನಲ್ಲಿ ಭಾಗವಹಿಸಬೇಕೆಂಬುದು ನನ್ನ ಬಯಕೆ. ಅದರ ಪರಿಚಯವಿಲ್ಲದವರಿಗಾಗಿ ಎರಡು ಮಾತು ಹೇಳುತ್ತೇನೆ. 1955ರಲ್ಲಿ ವೆಂಡೆಲ್ ರೋಬಿ ಎಂಬವರು ಆರಂಭಿಸಿದ ಈ ಸವಾರಿಯಲ್ಲಿ ಸಿಯೆರಾ ನೆವಾಡಾ ಪರ್ವತಗಳ ಮೇಲಿನಿಂದ ಹೊರಟು ಆಬರ್ನ್‌ವರೆಗಿನ 100 ಮೈಲಿಯನ್ನು, ಅಂದರೆ ಸುಮಾರು 160 ಕಿಲೋಮೀಟರನ್ನು, ಒಂದೇ ಕುದುರೆಯ ಮೇಲೆ 24 ಗಂಟೆಗಳೊಳಗೆ ಕ್ರಮಿಸಬೇಕು. ಬೆಳಗಿನ 5.15ಕ್ಕೆ ಹೊರಟವರು ಮರುದಿನ ಬೆಳಗಿನ 5.15ರೊಳಗೆ ತಲುಪಬೇಕು. ದಾರಿಯಲ್ಲಿ ಬೆಣಚಿನಂಥ ಗ್ರಾನೈಟ್ ಬಂಡೆ, ಜೌಗು, ಮೊಣಕಾಲಿನವರೆಗೆ ಏಳುವ ದೂಳು, ಕಾವಲಿಯಂತೆ ಕಾಯುವ ಆಳವಾದ ಕಣಿವೆಗಳು, ರಾತ್ರಿಯಲ್ಲಿ ದಾಟಬೇಕಾದ ಅಮೆರಿಕನ್ ನದಿ ಎಲ್ಲವೂ ಇವೆ. ಹೊರಟವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯೇ ಗುರಿ ಮುಟ್ಟುತ್ತಾರೆ.

ನನ್ನ ಸಮಸ್ಯೆ ಗೊರಸಿನದು. ಎರಡು ವರ್ಷಗಳ ಹಿಂದೆ ಲಾಳ ತೆಗೆಸಿದೆ. ಅಂದಿನಿಂದ ಅದು ಬರಿಗೊರಸಿನಲ್ಲೇ ನಡೆಯುತ್ತಿದೆ, ಗೊರಸು ನೋಡಲು ಹಿಂದಿಗಿಂತ ಅಗಲವಾಗಿದೆ, ಹಿಮ್ಮಡಿ ತುಂಬಿಕೊಂಡಿದೆ. ಆದರೆ ಇಲ್ಲಿನ ಹಿರಿಯ ಸವಾರರೊಬ್ಬರು, “ಆ ಹಾದಿಗೆ ಲಾಳವಿಲ್ಲದೆ ಹೋಗುವುದು ಕುದುರೆಗೆ ಮಾಡುವ ದ್ರೋಹ” ಎಂದರು. ಇನ್ನೊಬ್ಬರು, “ಮೊಳೆ ಹೊಡೆಯುವುದೇ ದ್ರೋಹ” ಎಂದರು. ಇಬ್ಬರೂ ಹಲವು ಬಾರಿ ಈ ಹಾದಿಯನ್ನು ಮುಗಿಸಿದವರೇ. ನಾನು ಯಾರ ಮಾತು ಕೇಳಲಿ? ಕನ್ನಡದಲ್ಲಿ ಕೇಳಿದರೆ ಕನಿಷ್ಠಪಕ್ಷ ಯಾರೂ ನನಗೆ ಲಾಳದ ಬದಲು ಗೊರಸಿಗೆ ತೊಡಿಸುವ ಬೂಟು ಮಾರಲು ಬರುವುದಿಲ್ಲ ಎಂಬ ಧೈರ್ಯದಿಂದ ಇಲ್ಲಿ ಬರೆಯುತ್ತಿದ್ದೇನೆ.

ಬರಿಗೊರಸು:

ಸವಾರರೇ, ತಾವು ಅರ್ಧ ದಾರಿಯನ್ನು ಆಗಲೇ ಕ್ರಮಿಸಿದ್ದೀರಿ. ದಯವಿಟ್ಟು ಹಿಂದಕ್ಕೆ ಹೋಗಬೇಡಿ. ನಾನು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿದ್ದೇನೆ, ನನ್ನ ಎರಡೂ ಕುದುರೆಗಳು ಲಾಳ ಕಂಡಿಲ್ಲ, 80 ಕಿಲೋಮೀಟರಿನ ಸವಾರಿಗಳನ್ನು ನೆಮ್ಮದಿಯಿಂದ ಮುಗಿಸುತ್ತವೆ.

ಗೊರಸು ಎಂಬುದು ಜಡವಾದ ಉಗುರಲ್ಲ ಎಂಬುದನ್ನು ಮೊದಲು ಮನಗಾಣಬೇಕು. ಕುದುರೆ ಹೆಜ್ಜೆ ಊರಿದಾಗ ಹಿಮ್ಮಡಿಯ ಭಾಗ ಅಗಲವಾಗುತ್ತದೆ, ಎತ್ತಿದಾಗ ಕುಗ್ಗುತ್ತದೆ. ನಡುವೆ ಇರುವ ಫ್ರಾಗ್ ಎಂಬ ತ್ರಿಕೋನಾಕಾರದ ಮೆತ್ತನೆಯ ಭಾಗ ಮತ್ತು ಅದರ ಮೇಲಿನ ಮೆತ್ತೆ ಏಟನ್ನು ಹೀರಿಕೊಳ್ಳುತ್ತವೆ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ರಾಬರ್ಟ್ ಬೌಕರ್ ಅವರು ಈ ಮೆತ್ತೆಯ ಒಳರಚನೆಯನ್ನೂ ಅಲ್ಲಿನ ರಕ್ತನಾಳಗಳ ಜಾಲವನ್ನೂ ಅಭ್ಯಸಿಸಿ, ಏಟಿನ ಶಕ್ತಿಯನ್ನು ತಗ್ಗಿಸುವುದರಲ್ಲಿ ರಕ್ತದ ಹರಿವಿಗೇ ಪಾತ್ರವಿದೆ ಎಂದು ವಾದಿಸಿದ್ದಾರೆ. ಕಬ್ಬಿಣದ ಬಳೆಯೊಂದನ್ನು ಮೊಳೆ ಹೊಡೆದು ಕೂರಿಸಿದರೆ ಈ ಅರಳುವಿಕೆಗೆ ತಡೆ ಬೀಳುತ್ತದೆ. ಗಟ್ಟಿ ನೆಲದ ಮೇಲೆ ಫ್ರಾಗ್ ನೆಲಕ್ಕೇ ತಾಗದೆ ಸೊರಗುತ್ತದೆ. ಮಂಗೋಲಿಯಾದಲ್ಲಿ 2009ರಿಂದ ಸುಮಾರು 1,000 ಕಿಲೋಮೀಟರಿನ ಡರ್ಬಿ ಎಂಬ ಕುದುರೆ ಸವಾರಿಯ ಸ್ಪರ್ಧೆ ನಡೆಯುತ್ತಿದೆ, ಅಲ್ಲಿನ ಕುದುರೆಗಳಿಗೆ ಲಾಳವಿರುವುದಿಲ್ಲ. ಇನ್ನೇನು ಸಾಕ್ಷ್ಯ ಬೇಕು?

ನಿವೃತ್ತ_ಪಶುವೈದ್ಯ:

ಮೇಲಿನ ಬರಹದಲ್ಲಿ ಅಂಗರಚನೆಯ ವಿಷಯ ಸರಿಯಾಗಿದೆ. ಮಂಗೋಲಿಯಾದ ಉದಾಹರಣೆ ಮಾತ್ರ ಇಲ್ಲಿಗೆ ಹೊಂದುವುದಿಲ್ಲ. ಆ ಡರ್ಬಿಯಲ್ಲಿ ಸವಾರ 1,000 ಕಿಲೋಮೀಟರ್ ಹೋಗುತ್ತಾನೆಯೇ ಹೊರತು ಕುದುರೆಯಲ್ಲ. ಹಳೆಯ ಅಂಚೆ ವ್ಯವಸ್ಥೆಯ ಮಾದರಿಯಲ್ಲಿ ಸುಮಾರು 40 ಕಿಲೋಮೀಟರಿಗೆ ಒಮ್ಮೆ ಕುದುರೆ ಬದಲಾಗುತ್ತದೆ. ಹುಲ್ಲುಗಾವಲಿನ ಮೇಲೆ 40 ಕಿಲೋಮೀಟರ್ ಓಡಿದ ಗಿಡ್ಡ ಜಾತಿಯ ಕುದುರೆಯನ್ನು, ಬಂಡೆಗಳ ಮೇಲೆ ಒಂದೇ ದಿನ 160 ಕಿಲೋಮೀಟರ್ ಓಡಬೇಕಾದ ಅರಬ್ಬಿ ಕುದುರೆಗೆ ಹೋಲಿಸಲು ಆಗದು.

ನಾನು ಬೆಂಗಳೂರಿನಲ್ಲಿ ಪಂದ್ಯದ ಕುದುರೆಗಳ ಚಿಕಿತ್ಸೆಯಲ್ಲಿ ಬಹುಕಾಲ ಕಳೆದವನು. ಥರೋಬ್ರೆಡ್ ಎಂಬ ಆ ಪಂದ್ಯದ ತಳಿಯ ಕುದುರೆಗಳ ಗೊರಸಿನ ಗೋಡೆ ಸಾಮಾನ್ಯವಾಗಿ ತೆಳು, ತಳ ಚಪ್ಪಟೆ. ಅವುಗಳಿಂದ ಲಾಳ ತೆಗೆಸಿ ಜಲ್ಲಿಯ ಮೇಲೆ ನಡೆಸಿದರೆ ಮೊಟ್ಟೆಯ ಮೇಲೆ ನಡೆದಂತೆ ನಡೆಯುತ್ತವೆ. ಅರಬ್ಬಿ ತಳಿಯ ಗೊರಸು ಗಟ್ಟಿ, ನಿಮ್ಮ ಅದೃಷ್ಟ. ಆದರೂ ಎಲ್ಲಕ್ಕಿಂತ ಮೊದಲು ಒಂದು ಎಕ್ಸ್‌ರೇ ತೆಗೆಸಿ, ಗೊರಸಿನೊಳಗಿನ ಮೂಳೆಗೂ ನೆಲಕ್ಕೂ ನಡುವೆ ತಳದ ದಪ್ಪ ಎಷ್ಟಿದೆ ಎಂದು ತಿಳಿದುಕೊಳ್ಳಿ. 15 ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ ಸಮಾಧಾನಪಡಬಹುದು. 10ಕ್ಕಿಂತ ಕಡಿಮೆಯಿದ್ದರೆ ಈ ಚರ್ಚೆಯನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಮೇವನ್ನು ನೋಡಿ. ಸಕ್ಕರೆ, ಪಿಷ್ಟ ಹೆಚ್ಚಿದ ಮೇವು ತಿನ್ನುವ ಕುದುರೆಯ ಗೊರಸಿನ ಒಳಪದರ ಊದಿಕೊಂಡು ಸಡಿಲವಾಗುತ್ತಿದ್ದರೆ, ಹೊರಗಿನಿಂದ ಏನು ತೊಡಿಸಿದರೂ ಪ್ರಯೋಜನವಿಲ್ಲ.

ಬರಿಗೊರಸು:

ಡಾಕ್ಟ್ರೇ, ಮಂಗೋಲಿಯಾದ ಮಾತನ್ನು ಹಿಂದೆಗೆದುಕೊಳ್ಳುತ್ತೇನೆ. ಆದರೆ ಇಲ್ಲಿನ ಬ್ರಂಬಿಗಳನ್ನು, ಅಂದರೆ ಕಾಡಿನಲ್ಲಿ ತಾವೇ ಬದುಕುವ ಕುದುರೆಗಳನ್ನು ನೋಡಿ. ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದವರು ಅವುಗಳ ಕೊರಳಿಗೆ ಜಿಪಿಎಸ್ ಕಟ್ಟಿ ನೋಡಿದಾಗ ದಿನಕ್ಕೆ ಸರಾಸರಿ 16 ಕಿಲೋಮೀಟರಿನಷ್ಟು ನಡೆಯುತ್ತಿದ್ದವು. ಅವುಗಳಿಗೆ ಲಾಳ ಹೊಡೆದವರು ಯಾರು?

ನಿವೃತ್ತ_ಪಶುವೈದ್ಯ:

ಅದೇ ಸಂಶೋಧಕರು ಅದೇ ಕಾಡುಕುದುರೆಗಳ ಗೊರಸುಗಳನ್ನು ಕತ್ತರಿಸಿ ಪರೀಕ್ಷಿಸಿದರು ಎಂಬುದನ್ನೂ ತಾವು ಹೇಳಬೇಕಿತ್ತು. ಗಟ್ಟಿ ನೆಲದ ಮೇಲೆ ದೂರ ನಡೆಯುವ ಕುದುರೆಗಳಲ್ಲಿ, ಹೊರಗಿನಿಂದ ಚಿತ್ರದಂತೆ ಸುಂದರವಾಗಿ ಕಾಣುವ ಗೊರಸುಗಳ ಒಳಗೆ, ಗೊರಸಿನ ಒಳಪದರ ಊದಿಕೊಳ್ಳುವ ಹಳೆಯ ಲ್ಯಾಮಿನೈಟಿಸ್‌ನ ಗುರುತುಗಳು ಅವರಿಗೆ ಸಿಕ್ಕವು. ನಿಸರ್ಗ ಕುದುರೆಯನ್ನು ಬದುಕಿಸುತ್ತದೆ. ನೋವಿಲ್ಲದಂತೆ ಬದುಕಿಸುತ್ತದೆ ಎಂದು ಅದು ಯಾರಿಗೂ ಮಾತು ಕೊಟ್ಟಿಲ್ಲ. ಅಲ್ಲದೆ ಬ್ರಂಬಿಯ ಬೆನ್ನ ಮೇಲೆ ತಡಿಯೂ ಇಲ್ಲ, 75 ಕಿಲೋ ತೂಕದ ಸವಾರನೂ ಇಲ್ಲ, ಬೆಳಗಿನ 5.15ರ ಗಡುವೂ ಇಲ್ಲ.

ಕುತೂಹಲಿ:

ಕುದುರೆ ಕಂಡರೆ ಕಾಲುನೋವು ಎನ್ನುವ ಜಾತಿಯವನು ನಾನು, ಹತ್ತಿದವನಲ್ಲ. ಆದರೂ ಒಂದು ಸಂದೇಹ: ಲಾಳ ಬರುವುದಕ್ಕೆ ಮೊದಲು ದಂಡಯಾತ್ರೆಗಳು ಹೇಗೆ ನಡೆಯುತ್ತಿದ್ದವು? ಆಗಲೂ ಸಾವಿರಾರು ಮೈಲಿ ಹೋಗುತ್ತಿದ್ದರಲ್ಲವೇ?

ನಿವೃತ್ತ_ಪಶುವೈದ್ಯ:

ಒಳ್ಳೆಯ ಪ್ರಶ್ನೆ, ಮತ್ತು ಉತ್ತರ ಎರಡು ಪಕ್ಷಗಳಿಗೂ ಪೂರ್ತಿ ಅನುಕೂಲವಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಕರ ಕ್ಸೆನೊಫನ್ ಕುದುರೆ ಸವಾರಿಯ ಕುರಿತು ಬರೆಯುವಾಗ, ಲಾಯದ ಮುಂದಿನ ಅಂಗಳದಲ್ಲಿ ನಾಲ್ಕೈದು ಗಾಡಿ ದುಂಡನೆಯ ಕಲ್ಲುಗಳನ್ನು ಸುರಿದು, ಕುದುರೆ ಅವುಗಳ ಮೇಲೆ ನಿಂತು ಓಡಾಡುವಂತೆ ಮಾಡಿದರೆ ಗೊರಸು ಗಟ್ಟಿಯಾಗುತ್ತದೆ ಎಂದು ಸಲಹೆ ಕೊಟ್ಟ. ಅಂದರೆ ಬರಿಗೊರಸಿನ ಕಾಲದವರಿಗೂ ಗೊರಸು ತಾನಾಗಿ ಗಟ್ಟಿಯಾಗುವುದಿಲ್ಲ, ಗಟ್ಟಿ ಮಾಡಿಕೊಳ್ಳಬೇಕು ಎಂಬುದು ತಿಳಿದಿತ್ತು. ಅದೇ ಕ್ಸೆನೊಫನ್ ಅರ್ಮೇನಿಯಾದ ಹಿಮದಲ್ಲಿ ಸೈನ್ಯದೊಂದಿಗೆ ಸಾಗುವಾಗ, ಕುದುರೆಗಳ ಕಾಲು ಹಿಮದಲ್ಲಿ ಹೂತುಹೋಗದಂತೆ ಚೀಲ ಕಟ್ಟುವುದನ್ನು ಆ ಊರಿನ ಮುಖ್ಯಸ್ಥನಿಂದ ಕಲಿತ. ರೋಮನರು ಕಬ್ಬಿಣದ ತಳವಿದ್ದು ಪಟ್ಟಿಯಿಂದ ಕಟ್ಟುವಂಥ ಪಾದರಕ್ಷೆ ಮಾಡಿದ್ದರು. ಜಪಾನಿನಲ್ಲಿ ಕುದುರೆಗಳಿಗೆ ಹುಲ್ಲಿನ ಚಪ್ಪಲಿ ಹೆಣೆದು ಹಾಕುತ್ತಿದ್ದರು. ಮೊಳೆ ಹೊಡೆಯುವ ಲಾಳ ಯುರೋಪಿನಲ್ಲಿ ವ್ಯಾಪಕವಾದದ್ದು ಸುಮಾರು ಒಂಬತ್ತು, ಹತ್ತನೆಯ ಶತಮಾನಗಳ ಹೊತ್ತಿಗೆ. ಹೀಗಾಗಿ ಬೂಟು ಹೊಸದು, ಲಾಳ ಪುರಾತನ ಎಂಬ ನಂಬಿಕೆ ತಲೆಕೆಳಗಾದದ್ದು.

ಲಾಳದ_ಮನೆ:

ಇಷ್ಟು ಹೊತ್ತು ಓದಿದೆ, ಈಗ ನಾನೂ ಎರಡು ಮಾತು ಬರೆಯುತ್ತೇನೆ. ನಮ್ಮದು ಮೂರು ತಲೆಮಾರಿನಿಂದ ಲಾಳ ಹೊಡೆಯುವ ಮನೆತನ. ಅಜ್ಜ ಎತ್ತುಗಳಿಗೂ ಜಟಕಾ ಕುದುರೆಗಳಿಗೂ ಹೊಡೆಯುತ್ತಿದ್ದರು, ಅಪ್ಪ ಮೈಸೂರಿನ ಟಾಂಗಾ ಕುದುರೆಗಳಿಗೆ ಹೊಡೆದರು, ನಾನು ಈಗ ಕೊಲ್ಲಿ ದೇಶವೊಂದರ ಲಾಯದಲ್ಲಿ ದೂರದ ಓಟದ ಕುದುರೆಗಳಿಗೆ ಹೊಡೆಯುತ್ತೇನೆ.

ಊರಿನಲ್ಲಿ ಎತ್ತಿಗೆ ಲಾಳ ಹೊಡೆಸಲು ಬಂದವರನ್ನು ಅಜ್ಜ ಮೊದಲು ಕೇಳುತ್ತಿದ್ದ ಮಾತು, “ಗಾಡಿಗೋ, ನೇಗಿಲಿಗೋ?” ಎಂಬುದು. ನೇಗಿಲಿನ ಎತ್ತು ಎಂದರೆ, “ಹಾಗಾದರೆ ಯಾಕೆ ದುಡ್ಡು ಕಳೆಯುತ್ತೀರಿ, ಕರೆದುಕೊಂಡು ಹೋಗಿ” ಎನ್ನುತ್ತಿದ್ದರು. ಅದೇ ಎತ್ತು ಸುಗ್ಗಿಯಲ್ಲಿ ಕಲ್ಲುರಸ್ತೆಯ ಮೇಲೆ ಮಂಡಿಗೆ ಗಾಡಿ ಎಳೆಯಬೇಕಾಗಿ ಬಂದರೆ, ಹಗ್ಗ ಹಾಕಿ ಕೆಡವಿ, ಸೀಳುಗೊರಸಿನ ಎರಡು ಹೋಳಿಗೂ ಬೇರೆ ಬೇರೆ ಲಾಳ ಹೊಡೆಯುತ್ತಿದ್ದರು. ಎತ್ತು ಒಂದೇ, ಗೊರಸೂ ಒಂದೇ. ನೆಲ ಬೇರೆ, ಕೆಲಸ ಬೇರೆ. ಹೊಲದಲ್ಲಿ ಗೊರಸು ಸವೆಯುವುದಕ್ಕಿಂತ ಹೆಚ್ಚು ಬೆಳೆಯುತ್ತದೆ, ರಸ್ತೆಯಲ್ಲಿ ಬೆಳೆಯುವುದಕ್ಕಿಂತ ಹೆಚ್ಚು ಸವೆಯುತ್ತದೆ, ಲೆಕ್ಕ ಅಷ್ಟೇ. ಇಲ್ಲಿ ಇಷ್ಟು ಹೊತ್ತು ದ್ರೋಹ, ನಿಸರ್ಗ, ಮಂಗೋಲಿಯಾ ಎಲ್ಲ ಬಂದವು. ಈ ಲೆಕ್ಕವನ್ನು ಮಾತ್ರ ಯಾರೂ ಕೇಳಲಿಲ್ಲ.

ಸವಾರರೇ, ಹೀಗೆ ಮಾಡಿ. ಕೂದಲು ಮುಗಿದು ಗೊರಸು ಶುರುವಾಗುವ ಗೆರೆಯ ಕೆಳಗೆ, ಮುಂಭಾಗದ ನಟ್ಟನಡುವೆ, ಅರದಿಂದ ಒಂದು ಸಣ್ಣ ಗೀರು ಹಾಕಿ. ಆಳವಾಗಿ ಬೇಡ, ಕಣ್ಣಿಗೆ ಕಂಡರೆ ಸಾಕು. ಅಂದು ಕೂದಲ ಗೆರೆಯಿಂದ ಗೀರಿಗೆ ಎಷ್ಟು, ಕೂದಲ ಗೆರೆಯಿಂದ ನೆಲದ ಅಂಚಿಗೆ ಎಷ್ಟು ಎಂದು ಅಳೆದು ಬರೆದಿಡಿ. ಐದು ವಾರ ಎಂದಿನಂತೆ ಸವಾರಿ ಮಾಡಿ, ನಡುವೆ ಗೊರಸನ್ನು ಕತ್ತರಿಸಬೇಡಿ, ಅರ ಹಾಕಬೇಡಿ. ಮತ್ತೆ ಅಳೆಯಿರಿ. ಗೀರು ಎಷ್ಟು ಕೆಳಗಿಳಿಯಿತೋ ಅದು ಬೆಳವಣಿಗೆ. ಒಟ್ಟು ಉದ್ದದಲ್ಲಿ ಆದ ಬದಲಾವಣೆಯನ್ನು ಅದರೊಂದಿಗೆ ಹೊಂದಿಸಿದರೆ ಸವೆತ ಸಿಗುತ್ತದೆ. ಆಮೇಲೆ ಮಾತಾಡೋಣ.

ಬರಿಗೊರಸು:

ಅಳೆಯುವುದಕ್ಕೆ ನನ್ನ ತಕರಾರಿಲ್ಲ. ಆದರೆ ಸವೆತ ಹೆಚ್ಚಿದಂತೆ ಬೆಳವಣಿಗೆಯೂ ಚುರುಕಾಗುತ್ತದೆ ಎಂಬುದನ್ನು ಲೆಕ್ಕದಲ್ಲಿ ಮರೆಯಬಾರದು.

ಲಾಳದ_ಮನೆ:

ಚುರುಕಾಗುತ್ತದೆ, ನಿಜ. ಸಾಮಾನ್ಯವಾಗಿ ತಿಂಗಳಿಗೆ 6ರಿಂದ 10 ಮಿಲಿಮೀಟರಿನೊಳಗೆ ಬೆಳೆಯುವ ಗೊರಸು, ನಾವು ಎಷ್ಟೇ ಓಡಿಸಿದರೂ 20 ಮಿಲಿಮೀಟರ್ ಬೆಳೆಯುವುದಿಲ್ಲ. ಮುಂಗಾಲಿನ ಗೊರಸು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಹೊಸದಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು.

ಸಿಯೆರಾ_ಸವಾರ:

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಈ ಅವಧಿಯಲ್ಲಿ ನಾವು ಸುಮಾರು 210 ಕಿಲೋಮೀಟರ್ ಸವಾರಿ ಮಾಡಿದೆವು. ಅರ್ಧ ಮಣ್ಣಿನ ಕಾಲುದಾರಿ, ಉಳಿದದ್ದು ಜಲ್ಲಿರಸ್ತೆ ಮತ್ತು ಬಂಡೆ. ಮುಂಗಾಲುಗಳಲ್ಲಿ ಗೀರು 9 ಮಿಲಿಮೀಟರ್ ಕೆಳಗಿಳಿದಿದೆ, ಒಟ್ಟು ಉದ್ದ 4 ಮಿಲಿಮೀಟರ್ ಕಡಿಮೆಯಾಗಿದೆ. ಅಂದರೆ 13 ಮಿಲಿಮೀಟರ್ ಸವೆದಿದೆ. ಹಿಂಗಾಲುಗಳಲ್ಲಿ ಬೆಳವಣಿಗೆ ಅಷ್ಟೇ, ಉದ್ದ 1 ಮಿಲಿಮೀಟರ್ ಮಾತ್ರ ಕಡಿಮೆ. ಕುದುರೆಯ ದೇಹಭಾರದ ಶೇಕಡಾ 60ರಷ್ಟು ಮುಂಗಾಲುಗಳ ಮೇಲೆಯೇ ಬೀಳುತ್ತದೆ ಎಂದು ಓದಿದ್ದೆ. ಅದು ಗೊರಸಿನಲ್ಲೂ ಕಾಣುತ್ತಿದೆಯೋ ಏನೋ. ಎಕ್ಸ್‌ರೇ ತೆಗೆಸಿದೆ, ತಳದ ದಪ್ಪ 14 ಮಿಲಿಮೀಟರ್ ಇದೆ.

ಇನ್ನೊಂದು ಸಂಗತಿ. ಕೊನೆಯ ವಾರ ಜಲ್ಲಿರಸ್ತೆಯಲ್ಲಿ ಕುದುರೆ ತಾನಾಗಿ ಅಂಚಿನ ಹುಲ್ಲಿಗೆ ಸರಿಯತೊಡಗಿತು. ಕುಂಟಲಿಲ್ಲ, ವೇಗವೂ ತಗ್ಗಲಿಲ್ಲ. ಹುಲ್ಲಿನ ಆಸೆಗೆ ಇರಬೇಕು ಎಂದುಕೊಂಡಿದ್ದೆ.

ಲಾಳದ_ಮನೆ:

ಅದು ಹುಲ್ಲಿನ ಆಸೆಯಲ್ಲ. ಕುದುರೆ ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟಿದೆ.

ನಿವೃತ್ತ_ಪಶುವೈದ್ಯ:

ಹೌದು, ಮತ್ತು ಇದನ್ನು ವಿಸ್ತರಿಸಿ ಹೇಳುವುದು ಅಗತ್ಯ. ದೂರದ ಸವಾರಿಗಳಲ್ಲಿ ಪಶುವೈದ್ಯರು ಹೊರಗೆ ಹಾಕುವ ಕುದುರೆಗಳ ಪೈಕಿ ಹೆಚ್ಚಿನವು ಕುಂಟಿನ ಕಾರಣಕ್ಕೇ ಹೊರಬೀಳುತ್ತವೆ. ಎಲ್ಲ ಕುಂಟೂ ಗೊರಸಿನದಲ್ಲ, ಸ್ನಾಯುಬಂಧಗಳದೂ ಇರುತ್ತದೆ. ಆದರೆ ಗೊರಸು ನೊಂದ ಕುದುರೆ ಕುಂಟುವುದಕ್ಕೂ ಮೊದಲೇ ಬೇರೆ ರೀತಿಯಲ್ಲಿ ಹೇಳಿಕೊಳ್ಳುತ್ತದೆ. ಹೆಜ್ಜೆ ಗಿಡ್ಡದಾಗುತ್ತದೆ, ಇಳಿಜಾರಿನಲ್ಲಿ ಹಿಂಜರಿಯುತ್ತದೆ, ಮೆತ್ತನೆಯ ಅಂಚು ಹುಡುಕುತ್ತದೆ. ತಪಾಸಣೆಯ ಸ್ಥಳದಲ್ಲಿ ನಾಡಿ ಇಳಿಯಲು ತಡಮಾಡುತ್ತದೆ. ಅಂತರರಾಷ್ಟ್ರೀಯ ನಿಯಮದ ಸ್ಪರ್ಧೆಗಳಲ್ಲಿ ನಿಮಿಷಕ್ಕೆ 64ರ ಮಿತಿಯೊಳಗೆ ನಿಗದಿತ ಸಮಯದಲ್ಲಿ ನಾಡಿ ಇಳಿಯದಿದ್ದರೆ ಕುದುರೆ ಹೊರಗೆ. ಸವಾರ, “ಚೆನ್ನಾಗಿ ನೀರು ಹಾಕಿದ್ದೇನೆ, ತಣ್ಣಗಾಗಿದೆ, ಆದರೂ ಇಳಿಯುತ್ತಿಲ್ಲ” ಎಂದು ಅಚ್ಚರಿಪಡುತ್ತಾನೆ. ನೋವು ನಾಡಿಯನ್ನು ಮೇಲಕ್ಕೇ ಹಿಡಿದಿಟ್ಟಿರುತ್ತದೆ.

ಇನ್ನು ನಿಮ್ಮ ಅಂಕಿಗಳು. 210 ಕಿಲೋಮೀಟರಿಗೆ 13 ಮಿಲಿಮೀಟರ್ ಎಂದರೆ, ಅದೇ ದರದಲ್ಲಿ 160 ಕಿಲೋಮೀಟರಿಗೆ ಸುಮಾರು 10 ಮಿಲಿಮೀಟರ್. ಐದು ವಾರಗಳಲ್ಲಿ ಆದ ಸವೆತದ ಮುಕ್ಕಾಲು ಭಾಗ ಒಂದೇ ದಿನದಲ್ಲಿ ಆಗುತ್ತದೆ, ಮತ್ತು ಆ ಒಂದು ದಿನದಲ್ಲಿ ಗೊರಸು ಬೆಳೆದು ತುಂಬಿಕೊಡುವುದು ಏನೂ ಇಲ್ಲ. ಗೋಡೆ ತಳದ ಮಟ್ಟಕ್ಕೆ ಸವೆದ ಮೇಲೆ ಕುದುರೆ ನಡೆಯುವುದು ತಳದ ಮೇಲೆ, ನಿಮ್ಮ ಆ 14 ಮಿಲಿಮೀಟರಿನ ಮೇಲೆ. 60 ಮೈಲಿಯವರೆಗೆ ಚೆನ್ನಾಗಿ ಬಂದ ಬರಿಗೊರಸಿನ ಕುದುರೆಗಳು ಅನಂತರ ಹಠಾತ್ತನೆ ಕೆಡುವುದಕ್ಕೆ ಇದೇ ಕಾರಣ.

ಬರಿಗೊರಸು:

ಸವೆತ ಹೀಗೆ ನೇರ ಗುಣಾಕಾರದಲ್ಲಿ ಸಾಗುವುದಿಲ್ಲ, ಒಣಗಿದ ಗೊರಸು ಒದ್ದೆ ಗೊರಸಿಗಿಂತ ನಿಧಾನವಾಗಿ ಸವೆಯುತ್ತದೆ ಎಂಬ ಆಕ್ಷೇಪಣೆಯನ್ನು ದಾಖಲಿಸುತ್ತೇನೆ. ಆದರೂ ಅಂಕಿಗಳ ಮುಂದೆ ನಾನು ಹಠ ಹಿಡಿಯಲಾರೆ. ನನ್ನ ಕುದುರೆಗಳು 80 ಕಿಲೋಮೀಟರ್ ಓಡುವುದು ಬಹುತೇಕ ಮರಳುಮಿಶ್ರಿತ ನೆಲದಲ್ಲಿ. ಆ ಬಂಡೆಗಳ ಮೇಲೆ ರಕ್ಷಣೆ ಬೇಕು ಎಂದು ಒಪ್ಪುತ್ತೇನೆ; ಆದರೆ ಆ ಒಂದು ದಿನಕ್ಕಾಗಿ ವರ್ಷವಿಡೀ ಮೊಳೆ ಹೊಡೆಸುವುದನ್ನು ಒಪ್ಪುವುದಿಲ್ಲ. ಬೂಟು ಹಾಕಿಸಿ. ಅಂಟಿಸುವ ಬೂಟು ತೊಟ್ಟ ಕುದುರೆಗಳು ಟೆವಿಸ್ ಕಪ್ ಅನ್ನು ಗೆದ್ದೂ ಇವೆ.

ಸಿಯೆರಾ_ಸವಾರ:

ಬೂಟಿನ ವಿಷಯದಲ್ಲಿ ನನ್ನ ಅನುಭವ ಅಷ್ಟೇನೂ ಹಿತಕರವಲ್ಲ. 50 ಮೈಲಿಯ ಆ ಸವಾರಿಯಲ್ಲಿ ಪಟ್ಟಿ ಕಟ್ಟುವ ಬೂಟುಗಳನ್ನು ತೊಡಿಸಿದ್ದೆ. ಮೊದಲ ಜೌಗಿನಲ್ಲಿಯೇ ಎಡ ಮುಂಗಾಲಿನದು ಕಳಚಿ ಕೆಸರಿನೊಳಗೆ ಹೋಯಿತು. ಅರ್ಧ ಗಂಟೆ ಕೈ ಹಾಕಿ ಹುಡುಕಿ ತೆಗೆದು ತೊಳೆದು ಹಾಕಿದೆ. ಮುಗಿಯುವ ಹೊತ್ತಿಗೆ ಹಿಮ್ಮಡಿಯ ಮೇಲೆ ತರಚಿ ರಕ್ತ ಜಿನುಗುತ್ತಿತ್ತು. ಸವಾರಿ ಮುಗಿಸಿದೆವು ಎಂಬ ಸಂತೋಷಕ್ಕಿಂತ ಆ ಗಾಯ ನೋಡಿದ ನಾಚಿಕೆಯೇ ಹೆಚ್ಚಾಗಿತ್ತು.

ಲಾಳದ_ಮನೆ:

ಅದು ಅಳತೆಯ ತಪ್ಪು ಇರಬಹುದು. ಗೊರಸು ಬೆಳೆದಂತೆ ಬೂಟಿನ ಅಳತೆ ತಪ್ಪುತ್ತದೆ. ಬೂಟು ತೊಡಿಸುವವರು ಮೂರು ನಾಲ್ಕು ವಾರಕ್ಕೊಮ್ಮೆ ಅರ ಹಾಕಿ ಆಕಾರ ಕಾಪಾಡಬೇಕು. ಲಾಳ ಹೊಡೆಯುವವನು ಆರು ವಾರಕ್ಕೊಮ್ಮೆ ಬಂದರೆ ಸಾಕು ಎಂಬ ಸೌಕರ್ಯ ಇದರಲ್ಲಿಲ್ಲ. ಮರಳು ಒಳಗೆ ಸೇರಿ ಚರ್ಮವನ್ನು ಉಜ್ಜುವುದು ಇನ್ನೊಂದು ಕಾಟ.

ನಾನು ಲಾಳದಿಂದ ಅನ್ನ ತಿನ್ನುವವನಾದ್ದರಿಂದ ಲಾಳದ ಪರವಾಗಿ ಮಾತಾಡುವುದು ಸಹಜ ಎಂದುಕೊಳ್ಳಬೇಡಿ. ಅದರ ದೋಷಗಳನ್ನು ನನಗಿಂತ ಚೆನ್ನಾಗಿ ಯಾರೂ ಬಲ್ಲವರಲ್ಲ. ಮೊಳೆ, ಗೊರಸಿನ ಗೋಡೆಯೂ ತಳವೂ ಕೂಡುವ ಬಿಳಿಗೆರೆಯ ಒಳಕ್ಕೆ ಒಂದು ಕೂದಲೆಳೆ ಸರಿದರೂ ಹಸಿ ಭಾಗಕ್ಕೆ ತಾಗಿ ಕುದುರೆ ಕುಂಟುತ್ತದೆ. ಆದ್ದರಿಂದಲೇ ದೊಡ್ಡ ಓಟಕ್ಕೆ ಒಂದು ವಾರ ಮುಂಚೆ ಹೊಡೆಯುತ್ತೇವೆ, ಹಿಂದಿನ ದಿನವಲ್ಲ. ಮೊಳೆ ಹೊಡೆದ ತೂತುಗಳಿಂದ ಗೋಡೆ ಸಡಿಲವಾಗುತ್ತದೆ. ನಯವಾದ ಬಂಡೆಯ ಮೇಲೆ ಉಕ್ಕು ಜಾರುತ್ತದೆ. ಜೌಗಿನಲ್ಲಿ ಲಾಳವೂ ಕಳಚುತ್ತದೆ, ಕಳಚುವಾಗ ಗೋಡೆಯ ಒಂದು ತುಂಡನ್ನೂ ಕಿತ್ತುಕೊಂಡು ಹೋಗುತ್ತದೆ. ಬೂಟು ಕಳಚಿದರೆ ಬರಿಗೊರಸಾದರೂ ಪೂರ್ತಿ ಉಳಿದಿರುತ್ತದೆ. ಆಧುನಿಕ ಬೂಟು 1970ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದದ್ದೇ ಲಾಳ ಕಳಚಿದಾಗ ತೊಡಿಸುವ ಸ್ಟೆಪ್ನಿಯಾಗಿ ಎಂಬುದನ್ನು ನೆನಪಿಡಿ. ಇನ್ನು ತೂಕ. ಕಾಲಿನ ತುದಿಗೆ ಕಟ್ಟಿದ ತೂಕ ಬೆನ್ನ ಮೇಲಿನ ತೂಕದಂತಲ್ಲ, ಪ್ರತಿ ಹೆಜ್ಜೆಗೂ ಅದನ್ನು ಎತ್ತಿ ಬೀಸಬೇಕು. ಅಲ್ಯೂಮಿನಿಯಂ ಲಾಳ ಉಕ್ಕಿನ ಮೂರನೆಯ ಒಂದು ಪಾಲಿನಷ್ಟೇ ತೂಗುತ್ತದೆ, ಆದರೆ ಬಂಡೆಯ ಮೇಲೆ ಬೇಗ ಸವೆಯುತ್ತದೆ.

ಹಾಗಿದ್ದರೂ ಒಂದು ಮಾತು. ನಿಮ್ಮ ಕುದುರೆಯ ತಳ 14ರ ಬದಲು 9 ಮಿಲಿಮೀಟರ್ ಇದ್ದಿದ್ದರೆ, ಗೊರಸಿಗೂ ಲಾಳಕ್ಕೂ ನಡುವೆ ಪ್ಯಾಡ್ ಹಾಕಿಸಿ ಎಂದು ನಾನು ಎರಡನೆಯ ಯೋಚನೆಯಿಲ್ಲದೆ ಹೇಳುತ್ತಿದ್ದೆ. ಮೈಸೂರಿನಲ್ಲಿ ದಿನವಿಡೀ ಡಾಂಬರಿನ ಮೇಲೆ ಓಡುವ ಟಾಂಗಾ ಕುದುರೆಯ ಮುಂದೆ ನಿಂತು ಯಾರಾದರೂ ಬರಿಗೊರಸಿನ ಉಪದೇಶ ಮಾಡಿದರೆ ನನಗೆ ಸಿಟ್ಟು ಬರುತ್ತದೆ.

ಕುತೂಹಲಿ:

ಅಂಟಿಸುವ ಬೂಟು ಎಂದರೆ ಏನು? ಗೋಂದಿನಿಂದ ಕುದುರೆಯ ಕಾಲಿಗೆ ಅಂಟಿಸುವುದೇ?

ಬರಿಗೊರಸು:

ಹೌದು. ಪಟ್ಟಿಯಾಗಲಿ ಬಕಲ್ ಆಗಲಿ ಇಲ್ಲದ ತೆಳುವಾದ ಚಿಪ್ಪಿನಂಥ ಬೂಟು. ಮೊದಲು ಗೊರಸನ್ನು ಸಮವಾಗಿ ಕತ್ತರಿಸಿ, ಹೊರಗೋಡೆಯನ್ನು ಮರಳುಕಾಗದದಿಂದ ಉಜ್ಜಿ ಒರಟು ಮಾಡಿ, ಬಿಸಿಗಾಳಿ ಹಾಯಿಸಿ ಒಣಗಿಸಬೇಕು. ಗೋಡೆಗೆ ಗಟ್ಟಿಯಾಗುವ ಅಂಟು, ತಳಕ್ಕೆ ರಬ್ಬರಿನಂತೆ ಮೆತ್ತಗುಳಿಯುವ ಅಂಟು, ಹೀಗೆ ಎರಡು ಬಗೆ. ಕೆಲಸದ ನಡುವೆ ಕುದುರೆ ಒಮ್ಮೆ ಒದ್ದೆ ನೆಲದಲ್ಲಿ ಕಾಲಿಟ್ಟರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಸವಾರಿಗೆ ಒಂದೆರಡು ದಿನ ಮೊದಲು ಅಂಟಿಸಿ, ಮುಗಿದ ಮೇಲೆ ಹೆಚ್ಚು ದಿನ ಬಿಡದೆ ತೆಗೆಯಬೇಕು. ಒಳಗೆ ಗಾಳಿಯಾಡದೆ ತೇವ ನಿಂತರೆ ಫ್ರಾಗ್ ಕೊಳೆಯತೊಡಗುತ್ತದೆ. ಹಿಮ್ಮಡಿಗೆ ಪಟ್ಟಿ ತಾಗದ ಕಾರಣ ಸವಾರರು ಹೇಳಿದಂಥ ತರಚುಗಾಯ ಇದರಲ್ಲಿ ಆಗುವುದಿಲ್ಲ.

ಸಿಯೆರಾ_ಸವಾರ:

ಕಳೆದ ಶನಿವಾರ ಅಂಟಿಸುವ ಬೂಟಿನಲ್ಲಿ 50 ಮೈಲಿ ಮುಗಿಸಿದೆವು. ಮೊದಲ ಬಾರಿ ನಾನೇ ಅಂಟಿಸಲು ಹೋಗಿ ಎರಡು ಬೂಟು, ಒಂದು ಅಂಗಿ ಮತ್ತು ಗ್ಯಾರೇಜಿನ ನೆಲ ಹಾಳಾದವು. ಎರಡನೆಯ ಬಾರಿ ಬಲ್ಲವರನ್ನು ಕರೆಸಿದೆ. ನಾಲ್ಕೂ ಬೂಟುಗಳು ಕೊನೆಯವರೆಗೆ ಉಳಿದವು. ಜಲ್ಲಿಯ ಮೇಲೆ ಕುದುರೆ ಅಂಚಿಗೆ ಸರಿಯಲಿಲ್ಲ, ರಸ್ತೆಯ ನಡುವೆಯೇ ಹೋಯಿತು. ನಾಡಿ ಕೊನೆಯ ತಪಾಸಣೆಯಲ್ಲಿ ಆರು ನಿಮಿಷಕ್ಕೆ 56ಕ್ಕೆ ಇಳಿಯಿತು. ಹಿಂದಿನ ಬಾರಿ ಇದೇ ಹಾದಿಯಲ್ಲಿ ಹದಿಮೂರು ನಿಮಿಷ ಹಿಡಿದಿತ್ತು. ಹವೆಯೂ ಈ ಸಲ ತಂಪಾಗಿತ್ತು, ಆದ್ದರಿಂದ ಎಲ್ಲವನ್ನೂ ಬೂಟಿನ ಲೆಕ್ಕಕ್ಕೆ ಬರೆಯುವುದಿಲ್ಲ.

ಹಾಗಾಗಿ ನಿರ್ಧಾರ ಹೀಗಿದೆ. ತರಬೇತಿಯ ದಿನಗಳಲ್ಲಿ ಮಣ್ಣಿನ ದಾರಿಗೆ ಬರಿಗೊರಸು. ಜಲ್ಲಿ, ಬಂಡೆಗಳ ದಾರಿಗೆ ಸರಿಯಾದ ಅಳತೆಯ ಪಟ್ಟಿ ಬೂಟು. ಟೆವಿಸ್‌ಗೆ ನಾಲ್ಕೂ ಕಾಲಿಗೆ ಅಂಟಿಸುವ ಬೂಟು. ಇಲ್ಲಿನವರೊಬ್ಬರು ಹೇಳಿದ ಕಥೆ ಸದಾ ನೆನಪಿನಲ್ಲಿದೆ. 1973ರಲ್ಲಿ ಗಾರ್ಡಿ ಐನ್ಸ್‌ಲಿ ಎಂಬ ಸವಾರನ ಕುದುರೆ ಇದೇ ಹಾದಿಯಲ್ಲಿ ಕುಂಟಿ ಹೊರಬಿತ್ತು; ಮರುವರ್ಷ ಆತ ಕುದುರೆಯೇ ಇಲ್ಲದೆ ಸವಾರರೊಂದಿಗೆ ಹೊರಟು, 23 ಗಂಟೆ 42 ನಿಮಿಷಗಳಲ್ಲಿ 100 ಮೈಲಿಯನ್ನು ತಾನೇ ಓಡಿ ಮುಗಿಸಿದ. ಇಂದಿನ ವೆಸ್ಟರ್ನ್ ಸ್ಟೇಟ್ಸ್ ಓಟ ಹುಟ್ಟಿದ್ದು ಹಾಗೆ. ನನ್ನ ಮೊಣಕಾಲುಗಳ ಸ್ಥಿತಿ ನೋಡಿದರೆ ಆ ಪರ್ಯಾಯ ನನಗಿಲ್ಲ.

ನಿವೃತ್ತ_ಪಶುವೈದ್ಯ:

ನಿರ್ಧಾರ ಸಮಂಜಸವಾಗಿದೆ. ಟೆವಿಸ್‌ಗೆ ಎರಡು ತಿಂಗಳ ಮುಂಚೆ ಇನ್ನೊಮ್ಮೆ ಎಕ್ಸ್‌ರೇ ತೆಗೆಸಿ. ತಳ 12ಕ್ಕೆ ಇಳಿದಿದ್ದರೆ ಬರಿಗೊರಸಿನ ತರಬೇತಿಯನ್ನು ಕಡಿಮೆ ಮಾಡಿ.

ಲಾಳದ_ಮನೆ:

ಅಂಟಿಸಿದ್ದು ಕಳಚುವುದೇ ಇಲ್ಲ ಎಂದು ನಂಬಬೇಡಿ. ಮುಂಗಾಲಿನ ಅಳತೆಯದು ಒಂದು, ಹಿಂಗಾಲಿನದು ಒಂದು, ಹೀಗೆ ಎರಡು ಪಟ್ಟಿ ಬೂಟುಗಳನ್ನು ತಡಿಗೆ ಕಟ್ಟಿಕೊಂಡೇ ಹೊರಡಿ. ಕತ್ತಲಲ್ಲಿ ತಲೆದೀಪದ ಬೆಳಕಿನಲ್ಲಿ ಒಬ್ಬರೇ ತೊಡಿಸುವುದನ್ನು ಮನೆಯಲ್ಲಿ ಹತ್ತು ಸಲ ಅಭ್ಯಾಸ ಮಾಡಿ, ಏಕೆಂದರೆ ನದಿ ದಾಟಿದ ಮೇಲೆ ಬೆರಳು ಮರಗಟ್ಟಿರುತ್ತದೆ. ಸವಾರಿ ಮುಗಿದು ಬೂಟು ತೆಗೆದ ದಿನ ನಾಲ್ಕೂ ಗೊರಸಿನ ತಳದ ಚಿತ್ರ ಇಲ್ಲಿ ಹಾಕಿ. ಪದಕದ ಚಿತ್ರ ಆಮೇಲೆ ನೋಡೋಣ.